ಮನೆಬಳಕೆಗೆ ಥೈಮ್: ಅಡುಗೆಯಿಂದ ಕಷಾಯದವರೆಗೆ, ಒಣಗಿಸುವುದರಿಂದ ಬೆಳೆಸುವುದರವರೆಗೆ

ಥೈಮ್ ಗಿಡದಿಂದ ಮನೆಗೆ ಸಿಗುವ ಪ್ರಯೋಜನವೆಲ್ಲ ಅದರ ಎಲೆಯ ಮೇಲ್ಮೈಯಲ್ಲಿ ಹರಡಿಕೊಂಡಿರುವ ಅತಿ ಸಣ್ಣ ಎಣ್ಣೆಗ್ರಂಥಿಗಳಿಂದ ಬರುತ್ತದೆ. ಒಂದು ಕಡ್ಡಿಯನ್ನು ಬೆರಳುಗಳ ನಡುವೆ ಉಜ್ಜಿದಾಗ ಏಳುವ ಘಾಟು ಆ ಗ್ರಂಥಿಗಳು ಒಡೆದುದರ ಗುರುತು. ಅಡುಗೆಗೆ ರುಚಿ ಕೊಡುವುದೂ, ಕೆಮ್ಮಿನ ಕಷಾಯಕ್ಕೆ ಬಲ ಕೊಡುವುದೂ, ಬಟ್ಟೆಯ ಕಪಾಟಿಗೆ ಸುವಾಸನೆ ಕೊಡುವುದೂ ಅದೇ ಎಣ್ಣೆ. ಆದ್ದರಿಂದ ಥೈಮನ್ನು ಚೆನ್ನಾಗಿ ಬಳಸುವುದೆಂದರೆ, ಆ ಎಣ್ಣೆಯನ್ನು ಯಾವಾಗ ಎಲೆಯೊಳಗೇ ಉಳಿಸಿಕೊಳ್ಳಬೇಕು, ಯಾವಾಗ ಹೊರಗೆ ಬಿಡಿಸಬೇಕು, ಎಷ್ಟರಮಟ್ಟಿಗೆ ಬಿಡಿಸಬೇಕು ಎಂಬುದನ್ನು ತಿಳಿದಿರುವುದು. ಇದನ್ನು ತಿಳಿಯದೆ ಬಳಸಿದವರು ಒಂದೋ ಸಪ್ಪೆಯಾದ ಒಣ ಎಲೆಯನ್ನು ಹಿಡಿಹಿಡಿಯಾಗಿ ಸುರಿದು ನಿರಾಶರಾಗುತ್ತಾರೆ, ಇಲ್ಲವೇ ಸೀಸೆಯಲ್ಲಿ ಬರುವ ಸಾಂದ್ರ ತೈಲವನ್ನು ಎಲೆಯಷ್ಟೇ ನಿರಪಾಯವೆಂದು ಭಾವಿಸಿ ತೊಂದರೆಗೆ ಸಿಲುಕುತ್ತಾರೆ.

ಥೈಮ್ ತುಳಸಿ ಮತ್ತು ಪುದೀನಗಳ ಕುಟುಂಬಕ್ಕೆ ಸೇರಿದ, ಸಾಮಾನ್ಯವಾಗಿ 15ರಿಂದ 30 ಸೆಂಟಿಮೀಟರ್ ಎತ್ತರಕ್ಕೆ ಬೆಳೆಯುವ ಪುಟ್ಟ ಪೊದೆ. ಇದರ ಮೂಲನೆಲೆ ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದ ಒಣ, ಕಲ್ಲುಮಣ್ಣಿನ ಗುಡ್ಡಗಳು. ಒಣಗಿದ ಎಲೆಯ ತೂಕದಲ್ಲಿ ಸುಮಾರು ಶೇ. 1ರಿಂದ 2.5ರಷ್ಟು ಸುಗಂಧ ತೈಲವಿರುತ್ತದೆ. ಅದರ ಮುಖ್ಯ ಅಂಶ ಥೈಮಾಲ್, ಅದರ ಜೊತೆಗಾರ ಕಾರ್ವಕ್ರಾಲ್. ಓಮದ ಕಾಳನ್ನು ಜಜ್ಜಿದಾಗ ಮೂಗಿಗೆ ಬಡಿಯುವುದೂ ಇದೇ ಥೈಮಾಲ್, ಆದರೆ ಆ ಗಿಡ ಬೇರೆಯೇ ಕುಟುಂಬದ್ದು. ಜರ್ಮನಿಯ ರಸಾಯನಶಾಸ್ತ್ರಜ್ಞ ಕಾಸ್ಪರ್ ನ್ಯೂಮನ್ 1719ರಲ್ಲಿ ಥೈಮಾಲನ್ನು ಮೊದಲ ಬಾರಿಗೆ ಬೇರ್ಪಡಿಸಿದನು.

ಥೈಮಾಲಿನ ಮೂರು ಗುಣಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಬಹುತೇಕ ಸೂಚನೆಗಳು ತಾವಾಗಿಯೇ ಅರ್ಥವಾಗುತ್ತವೆ. ಮೊದಲನೆಯದು, ಅದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ: ಒಂದು ಲೀಟರ್ ನೀರು ಹೆಚ್ಚೆಂದರೆ ಒಂದು ಗ್ರಾಂನಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ, ಬೆಣ್ಣೆ ಮತ್ತು ಮದ್ಯಸಾರಗಳಲ್ಲಾದರೆ ಸುಲಭವಾಗಿ ಬೆರೆಯುತ್ತದೆ. ಎರಡನೆಯದು, ಅದರ ಕುದಿಯುವ ಬಿಂದು ಸುಮಾರು 232 ಡಿಗ್ರಿ ಸೆಲ್ಸಿಯಸ್. ಹೀಗಾಗಿ ಅದು ಒಲೆಯ ಮೇಲೆ ಬಹಳ ಹೊತ್ತು ತಾಳಿಕೊಳ್ಳುತ್ತದೆ. ಮೂರನೆಯದು, ಇಷ್ಟು ತಾಳಿಕೆಯಿದ್ದರೂ ಕುದಿಯುವ ನೀರಿನ ಹಬೆ ಅದನ್ನು ತನ್ನೊಡನೆ ಹೊತ್ತೊಯ್ಯುತ್ತದೆ. ಕಾರ್ಖಾನೆಗಳಲ್ಲಿ ಥೈಮ್ ತೈಲವನ್ನು ತೆಗೆಯುವುದೂ ಹಬೆಯ ಮೂಲಕವೇ. ಪಾತ್ರೆಗೆ ಮುಚ್ಚಳ ಮುಚ್ಚಬೇಕೋ ಬೇಡವೋ ಎಂಬ ಸಣ್ಣ ಪ್ರಶ್ನೆಗೆ ಇಷ್ಟೊಂದು ಮಹತ್ವ ಬರುವುದು ಈ ಮೂರನೆಯ ಗುಣದಿಂದ.

ಆರಿಸಿಕೊಳ್ಳುವುದು

ತಾಜಾ ಕಡ್ಡಿಗಳನ್ನು ಕೊಳ್ಳುವಾಗ ಎಲೆಯ ಬಣ್ಣ ಬೂದುಮಿಶ್ರಿತ ಹಸಿರಾಗಿದ್ದು ಸಮನಾಗಿರಬೇಕು. ಕಪ್ಪಾದ ತುದಿ, ಜಿಗುಟು ಮತ್ತು ಮುಗ್ಗಲು ವಾಸನೆ ಇರಬಾರದು. ಒಣಗಿದ ಎಲೆಯಲ್ಲಿ ಬಣ್ಣಕ್ಕಿಂತ ವಾಸನೆಯೇ ನಂಬಿಕೆಗೆ ಅರ್ಹವಾದ ಸಾಕ್ಷಿ. ಒಂದು ಚಿಟಿಕೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದಾಗ ಘಾಟು ತಕ್ಷಣ ಏಳದಿದ್ದರೆ ಅದರಲ್ಲಿ ಎಣ್ಣೆ ಉಳಿದಿಲ್ಲ ಎಂದರ್ಥ. ಅಂಥ ಎಲೆಯನ್ನು ಎರಡು ಪಟ್ಟು ಹಾಕಿದರೂ ಹುಲ್ಲಿನ ರುಚಿ ಹೆಚ್ಚಾಗುತ್ತದೆಯೇ ಹೊರತು ಪರಿಮಳ ಬರುವುದಿಲ್ಲ. ಪುಡಿ ಮಾಡಿದ ಥೈಮಿಗಿಂತ ಇಡೀ ಎಲೆಯನ್ನು ಕೊಳ್ಳುವುದು ಯಾವಾಗಲೂ ಮೇಲು, ಏಕೆಂದರೆ ಪುಡಿ ಮಾಡುವಾಗಲೇ ಗ್ರಂಥಿಗಳು ಒಡೆದು ಎಣ್ಣೆ ಗಾಳಿಗೆ ಹೋಗಲು ಆರಂಭಿಸಿರುತ್ತದೆ.

ಒಂದೇ ಜಾತಿಯ ಗಿಡಗಳಲ್ಲೂ ಎಣ್ಣೆಯ ಸ್ವಭಾವ ಬೇರೆಬೇರೆಯಾಗಿರುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಕೆಲವು ಗಿಡಗಳಲ್ಲಿ ಥೈಮಾಲ್ ಪ್ರಧಾನವಾಗಿದ್ದರೆ, ಮತ್ತೆ ಕೆಲವುಗಳಲ್ಲಿ ಕಾರ್ವಕ್ರಾಲ್, ಲಿನಲೂಲ್ ಅಥವಾ ಜೆರಾನಿಯಾಲ್ ಪ್ರಧಾನವಾಗಿರುತ್ತದೆ. ನೋಡಲು ಒಂದೇ ಬಗೆಯಾದರೂ ಮೊದಲೆರಡು ಖಾರವಾಗಿಯೂ ಕೊನೆಯೆರಡು ಮೃದುವಾಗಿ, ಹೂವಿನ ಹಾಗೆಯೂ ಇರುತ್ತವೆ. ಕೆಮ್ಮು ಮತ್ತು ಗಂಟಲಿಗೆ ಬಳಸುವುದಾದರೆ ಘಾಟು ಹೆಚ್ಚಿರುವ ಸಾಮಾನ್ಯ ಥೈಮೇ ಬೇಕು. ಲೆಮನ್ ಥೈಮ್ ಅಡುಗೆಗೆ ಮತ್ತು ಪಾನೀಯಕ್ಕೆ ಸೊಗಸು. ನೆಲಕ್ಕೆ ಹರಡುವ ಥೈಮ್ ಅಂಗಳದ ಕಲ್ಲುಹಾಸಿನ ಸಂದುಗಳಿಗೆ ಚೆನ್ನ.

ಅಡುಗೆಯಲ್ಲಿ

ಕೊತ್ತಂಬರಿ ಸೊಪ್ಪನ್ನು ಕೊನೆಯಲ್ಲಿ ಹಾಕುವಂತೆ ಥೈಮನ್ನೂ ಕೊನೆಯಲ್ಲಿ ಹಾಕಬೇಕೆಂದು ಅನೇಕರು ತಿಳಿದಿದ್ದಾರೆ. ಥೈಮಿಗೆ ಆ ನಿಯಮ ಹೊಂದುವುದಿಲ್ಲ. ಅದರ ಎಲೆ ಗಟ್ಟಿಯಾದದ್ದು, ಎಣ್ಣೆ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಹಾಗಾಗಿ ಬಹಳ ಹೊತ್ತು ಬೇಯುವ ಪದಾರ್ಥಗಳಿಗೆ ಅದನ್ನು ಮೊದಲೇ ಹಾಕಬೇಕು. ಕಾಳುಗಳನ್ನು ಬೇಯಿಸುವಾಗ, ಸೂಪ್ ಅಥವಾ ಮಾಂಸದ ಸಾರನ್ನು ಕುದಿಸುವಾಗ, ಟೊಮೆಟೊ ಸಾಸನ್ನು ಬೇಯಿಸುವಾಗ ಎರಡು ಮೂರು ಕಡ್ಡಿಗಳನ್ನು ಎಲೆ ಸಮೇತ ಆರಂಭದಲ್ಲೇ ಹಾಕಿ, ಮುಚ್ಚಳ ಮುಚ್ಚಿ ಬೇಯಿಸಿ, ಬಡಿಸುವ ಮೊದಲು ಬರಿಯ ಕಡ್ಡಿಗಳನ್ನು ತೆಗೆದುಹಾಕಿದರೆ ಸಾಕು. ಎಲೆಗಳು ಅಷ್ಟರಲ್ಲಿ ಉದುರಿ ಪದಾರ್ಥದಲ್ಲಿ ಸೇರಿಕೊಂಡಿರುತ್ತವೆ. ಕಡ್ಡಿಗಳನ್ನು ಹುಡುಕುವ ಕಷ್ಟ ಬೇಡವೆಂದರೆ ದಾರದಿಂದ ಕಟ್ಟಿ ಇಳಿಬಿಡಬಹುದು. ಥೈಮ್, ಬೇ ಎಲೆ ಮತ್ತು ಪಾರ್ಸ್ಲಿಯನ್ನು ಹೀಗೆ ಒಟ್ಟಿಗೆ ಕಟ್ಟಿ ಬಳಸುವ ಬೊಕೆ ಗಾರ್ನಿ ಎಂಬ ಫ್ರೆಂಚ್ ಪದ್ಧತಿ ಇದಕ್ಕಾಗಿಯೇ ಹುಟ್ಟಿದ್ದು.

ಎಣ್ಣೆಯಲ್ಲಿ ಅಥವಾ ಬೆಣ್ಣೆಯಲ್ಲಿ ಬಾಡಿಸುವ ಪದಾರ್ಥಗಳಲ್ಲಿ ಥೈಮ್ ತನ್ನ ಪೂರ್ಣ ಗುಣವನ್ನು ತೋರಿಸುತ್ತದೆ, ಏಕೆಂದರೆ ಥೈಮಾಲ್ ಕೊಬ್ಬಿನಲ್ಲಿ ಕರಗಿ ಇಡೀ ಪದಾರ್ಥಕ್ಕೆ ಹರಡುತ್ತದೆ. ಆಲೂಗಡ್ಡೆ, ಕ್ಯಾರೆಟ್, ಕುಂಬಳಕಾಯಿಯಂಥ ತರಕಾರಿಗಳನ್ನು ಓವನ್ನಿನಲ್ಲಿ ಹುರಿಯುವ ಮೊದಲು ಎಲೆಗಳನ್ನು ಎಣ್ಣೆಯೊಂದಿಗೆ ಕಲಸಿ, ಹತ್ತು ನಿಮಿಷ ಬಿಟ್ಟು, ಆಮೇಲೆ ತರಕಾರಿಗೆ ಸವರಬೇಕು. ಒಣ ತರಕಾರಿಯ ಮೇಲೆ ಎಲೆಯನ್ನು ಹಾಗೆಯೇ ಉದುರಿಸಿದರೆ ಅದು ಸೀದು ಕಹಿಯಾಗುತ್ತದೆ. ಅಣಬೆಯನ್ನು ಬಾಡಿಸುವಾಗ ಅದರ ನೀರು ಆರಿದ ಮೇಲೆ ಬೆಣ್ಣೆ ಮತ್ತು ಥೈಮ್ ಒಟ್ಟಿಗೆ ಹಾಕುವುದು ಸರಿಯಾದ ಕ್ರಮ. ಮೊಟ್ಟೆ, ಮೀನು, ಮೃದು ಚೀಸ್ ಇಂಥ ನಯವಾದ ಪದಾರ್ಥಗಳಿಗೆ ಮಾತ್ರ ಎಲೆಗಳನ್ನು ಬಿಡಿಸಿ, ಸಣ್ಣಗೆ ಹೆಚ್ಚಿ, ಸ್ವಲ್ಪವೇ ಸ್ವಲ್ಪ ಹಾಕಬೇಕು. ಲೆಮನ್ ಥೈಮಿನ ನಿಂಬೆ ಪರಿಮಳ ಬೇಗ ಆರಿಹೋಗುವುದರಿಂದ ಅದನ್ನು ಒಲೆಯಿಂದ ಇಳಿಸುವ ಹೊತ್ತಿಗೆ ಸೇರಿಸಬೇಕು.

ಎಲೆ ಬಿಡಿಸುವುದಕ್ಕೆ ಚಾಕು ಬೇಕಿಲ್ಲ. ಕಡ್ಡಿಯ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳುಗಳನ್ನು ತುದಿಯಿಂದ ಬುಡದ ಕಡೆಗೆ, ಅಂದರೆ ಎಲೆ ಬೆಳೆದ ದಿಕ್ಕಿಗೆ ವಿರುದ್ಧವಾಗಿ ಎಳೆದರೆ ಎಲೆಗಳು ಕಳಚಿಕೊಳ್ಳುತ್ತವೆ. ತೀರ ಎಳೆಯ ಕಡ್ಡಿ ತುಂಡಾಗುತ್ತದೆ. ಅದನ್ನು ಎಲೆಯೊಂದಿಗೇ ಹೆಚ್ಚಿ ಹಾಕಬಹುದು.

ಪ್ರಮಾಣದ ವಿಷಯದಲ್ಲಿ ಮಿತವಾಗಿರುವುದೇ ಒಳ್ಳೆಯದು. ಪಾಕವಿಧಾನದಲ್ಲಿ ಒಂದು ದೊಡ್ಡ ಚಮಚ ತಾಜಾ ಎಲೆ ಎಂದಿದ್ದರೆ ಒಣಗಿದ ಎಲೆ ಒಂದು ಟೀ ಚಮಚ ಸಾಕಾಗುತ್ತದೆ. ನಾಲ್ಕು ಜನರ ಅಡುಗೆಗೆ ಮೊದಲ ಸಲ ಅರ್ಧ ಟೀ ಚಮಚ ಒಣ ಎಲೆಯಿಂದ ಆರಂಭಿಸಿ ರುಚಿ ನೋಡಿ ಹೆಚ್ಚಿಸಬಹುದು. ಮಿತಿ ಮೀರಿದರೆ ಪದಾರ್ಥಕ್ಕೆ ಔಷಧಿಯ ಕಹಿ ಬರುತ್ತದೆ, ಮತ್ತು ಆ ಕಹಿಯನ್ನು ಆಮೇಲೆ ಏನು ಬೆರೆಸಿದರೂ ಹೋಗಲಾಡಿಸಲಾಗದು.

ಥೈಮ್ ಬೆಣ್ಣೆಯನ್ನು ಸಿದ್ಧವಾಗಿಟ್ಟುಕೊಂಡರೆ ಬಹಳ ಅನುಕೂಲ. ನೂರು ಗ್ರಾಂ ಮೆತ್ತಗಾದ ಬೆಣ್ಣೆಗೆ ಒಂದು ದೊಡ್ಡ ಚಮಚ ಹೆಚ್ಚಿದ ತಾಜಾ ಎಲೆ ಮತ್ತು ಚಿಟಿಕೆ ಉಪ್ಪು ಬೆರೆಸಿ, ಉರುಳೆಯಂತೆ ಸುತ್ತಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಒಂದೊಂದು ಬಿಲ್ಲೆ ಕತ್ತರಿಸಿಕೊಳ್ಳಬಹುದು. ಥೈಮ್ ಎಣ್ಣೆಯ ವಿಷಯ ಮಾತ್ರ ಹಾಗಲ್ಲ. ಇಲ್ಲಿ ನಿಜವಾದ ಅಪಾಯವಿದೆ. ತಾಜಾ ಕಡ್ಡಿಗಳನ್ನು ಅಡುಗೆ ಎಣ್ಣೆಯಲ್ಲಿ ಮುಳುಗಿಸಿ ಸೀಸೆಯನ್ನು ಅಲಂಕಾರಕ್ಕೆಂಬಂತೆ ಕಪಾಟಿನಲ್ಲಿಡುವುದು ಹಲವೆಡೆ ಕಾಣುವ ರೂಢಿ. ಗಾಳಿಯಾಡದ ಆ ಎಣ್ಣೆಯೊಳಗೆ, ಎಲೆಯ ತೇವದಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ಪ್ರಾಣಕ್ಕೆ ಅಪಾಯವಾಗುವಂಥ ವಿಷವನ್ನು ಉತ್ಪಾದಿಸಬಲ್ಲದು. ಎಣ್ಣೆಯ ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಅದು ಗೊತ್ತಾಗುವುದಿಲ್ಲ. ಆದ್ದರಿಂದ ತಾಜಾ ಎಲೆಯ ಎಣ್ಣೆಯನ್ನು ಸ್ವಲ್ಪವೇ ಮಾಡಿಕೊಂಡು ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನಗಳೊಳಗೆ ಮುಗಿಸಬೇಕು, ಇಲ್ಲವೇ ಫ್ರೀಜರಿನಲ್ಲಿ ಇಡಬೇಕು. ಥೈಮ್ ಹಾಕಿದ ವಿನೆಗರ್‌ಗೆ ಈ ಭಯವಿಲ್ಲ, ಏಕೆಂದರೆ ಅದರ ಆಮ್ಲೀಯತೆ ಆ ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲ.

ಪೋಷಕಾಂಶಗಳ ಬಗ್ಗೆ ಒಂದು ಮಾತು. ನೂರು ಗ್ರಾಂ ತಾಜಾ ಥೈಮಿನಲ್ಲಿ ಸುಮಾರು 160 ಮಿಲಿಗ್ರಾಂ ಸಿ ವಿಟಮಿನ್, 17 ಮಿಲಿಗ್ರಾಂ ಕಬ್ಬಿಣ ಮತ್ತು 405 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಒಂದು ಟೀ ಚಮಚ ತಾಜಾ ಎಲೆಯ ತೂಕ ಒಂದು ಗ್ರಾಂ ಕೂಡ ಇಲ್ಲ. ನೂರು ಗ್ರಾಂ ಲೆಕ್ಕವನ್ನು ಮುಂದಿಟ್ಟು ಥೈಮ್ ರಕ್ತಹೀನತೆಯನ್ನು ನೀಗಿಸುತ್ತದೆ ಎನ್ನುವುದು ಓದುಗರನ್ನು ದಾರಿ ತಪ್ಪಿಸಿದಂತೆ. ಉಪ್ಪನ್ನು ಕಡಿಮೆ ಮಾಡಬೇಕಾದವರ ಊಟಕ್ಕೆ ರುಚಿ ತುಂಬುತ್ತದೆ ಎಂಬುದೇ ಆಹಾರವಾಗಿ ಅದರ ದೊಡ್ಡ ಉಪಕಾರ.

ಒಣಗಿಸುವುದು, ಕೂಡಿಡುವುದು

ತಾಜಾ ಕಡ್ಡಿಗಳನ್ನು ತೊಳೆಯದೆ, ತುಸು ಒದ್ದೆಯಾದ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ, ಕೆಲವೊಮ್ಮೆ ಎರಡು ವಾರ ಬಾಳುತ್ತವೆ. ಅದಕ್ಕಿಂತ ಹೆಚ್ಚು ಕಾಲ ಬೇಕಾದರೆ ಒಣಗಿಸಬೇಕು. ಒಣಗಿದ ಮೇಲೂ ಗುಣವನ್ನು ಉಳಿಸಿಕೊಳ್ಳುವ ಕೆಲವೇ ಸೊಪ್ಪುಗಳಲ್ಲಿ ಥೈಮ್ ಒಂದು.

ಗಿಡದಿಂದ ಕೊಯ್ಯುವುದಾದರೆ ಹೂ ಬಿರಿಯುವುದಕ್ಕೆ ಸ್ವಲ್ಪ ಮೊದಲು, ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಬಲಿಯುವುದಕ್ಕೆ ಮುಂಚೆ ಕೊಯ್ಯಬೇಕು. ಆಗ ಎಲೆಯಲ್ಲಿ ಎಣ್ಣೆ ತುಂಬಿರುತ್ತದೆ, ಮೇಲೆ ನೀರಿರುವುದಿಲ್ಲ. ಹತ್ತು ಹನ್ನೆರಡು ಕಡ್ಡಿಗಳ ಸಣ್ಣ ಕಟ್ಟುಗಳನ್ನು ಮಾಡಿ, ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಕಟ್ಟು ದಪ್ಪವಾದರೆ ನಡುವಿನ ಎಲೆಗೆ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವವನ್ನು ಅನುಸರಿಸಿ ಒಂದರಿಂದ ಎರಡು ವಾರಗಳಲ್ಲಿ ಎಲೆ ಗರಿಗರಿಯಾಗುತ್ತದೆ. ಮಳೆಗಾಲದಲ್ಲಿ ಹೀಗೆ ಒಣಗಿಸುವುದು ಕಷ್ಟ. ಆಗ ವಿದ್ಯುತ್ ಡ್ರೈಯರ್ ಅಥವಾ ಅತಿ ಕಡಿಮೆ ಉರಿಗೆ ಇಟ್ಟು ಬಾಗಿಲನ್ನು ತುಸು ತೆರೆದ ಓವನ್ ಬಳಸಬಹುದು, ಆದರೆ ಶಾಖ 40 ಡಿಗ್ರಿಯನ್ನು ಮೀರದಂತೆ ನೋಡಿಕೊಳ್ಳಬೇಕು. ಅದನ್ನು ಮೀರಿದರೆ ಅಡುಗೆಮನೆ ತುಂಬ ಪರಿಮಳ ಹರಡುತ್ತದೆ. ಆ ಪರಿಮಳವೆಲ್ಲ ಎಲೆ ಕಳೆದುಕೊಂಡದ್ದೇ. ನೇರ ಬಿಸಿಲಿನಲ್ಲಿ ಒಣಗಿಸಿದರೆ ಬಣ್ಣವೂ ಎಣ್ಣೆಯೂ ಒಟ್ಟಿಗೆ ಕುಂದುತ್ತವೆ.

ಒಣಗಿದ ಎಲೆಗಳನ್ನು ಕಡ್ಡಿಯಿಂದ ಉದುರಿಸಿ, ಪುಡಿ ಮಾಡದೆ, ಗಾಳಿಯಾಡದ ಗಾಜಿನ ಸೀಸೆಯಲ್ಲಿ ತುಂಬಿ ಕತ್ತಲೆಯ ಜಾಗದಲ್ಲಿ ಇಡಬೇಕು. ಒಲೆಯ ಮೇಲಿನ ಗೂಡು ಕೈಗೆ ಹತ್ತಿರವೆನಿಸಿದರೂ ಇದಕ್ಕೆ ಅತ್ಯಂತ ಕೆಟ್ಟ ಜಾಗ. ಸೀಸೆಯ ಮೇಲೆ ತಿಂಗಳು ಮತ್ತು ವರ್ಷವನ್ನು ಬರೆದಿಟ್ಟು, ಒಂದು ವರ್ಷದೊಳಗೆ ಬಳಸಿ ಮುಗಿಸುವುದು ಒಳ್ಳೆಯದು. ಫ್ರೀಜರ್ ಇರುವವರು ಕಡ್ಡಿಗಳನ್ನು ತಟ್ಟೆಯಲ್ಲಿ ಹರಡಿ ಹೆಪ್ಪುಗಟ್ಟಿಸಿದ ಮೇಲೆ ಚೀಲಕ್ಕೆ ತುಂಬಿ ಅಲ್ಲಾಡಿಸಿದರೆ ಎಲೆಗಳು ಸುಲಭವಾಗಿ ಉದುರುತ್ತವೆ.

ಕೆಮ್ಮು ಮತ್ತು ಗಂಟಲಿಗೆ

ಮನೆಮದ್ದಾಗಿ ಥೈಮ್ ಅತಿ ಹೆಚ್ಚು ಬಳಕೆಯಾಗಿರುವುದು ನೆಗಡಿಯ ಜೊತೆ ಬರುವ ಕಫದ ಕೆಮ್ಮಿಗೆ. ಜರ್ಮನಿಯಲ್ಲಿ ಗಿಡಮೂಲಿಕೆಗಳನ್ನು ಪರಿಶೀಲಿಸಲು ನೇಮಕವಾಗಿದ್ದ ಕಮಿಷನ್ ಇ ಎಂಬ ತಜ್ಞರ ಸಮಿತಿ, ಶ್ವಾಸನಾಳದ ಉರಿಯೂತ ಮತ್ತು ನಾಯಿಕೆಮ್ಮಿನ ಲಕ್ಷಣಗಳಿಗೆ ಥೈಮ್ ಬಳಕೆಯನ್ನು ಅನುಮೋದಿಸಿತ್ತು. ಯುರೋಪಿನ ಔಷಧ ಪ್ರಾಧಿಕಾರವೂ ಕಫದ ಕೆಮ್ಮಿಗೆ ಅದನ್ನು ಸಾಂಪ್ರದಾಯಿಕ ಔಷಧಿಯೆಂದು ಮಾನ್ಯ ಮಾಡಿದೆ. ತೀವ್ರ ಶ್ವಾಸನಾಳದ ಉರಿಯೂತವಿದ್ದ 361 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ, ಥೈಮ್ ಮತ್ತು ಐವಿ ಎಂಬ ಬಳ್ಳಿಯ ಎಲೆಯ ಸಾರವಿದ್ದ ಸಿರಪ್ ತೆಗೆದುಕೊಂಡವರಲ್ಲಿ ಒಂದು ವಾರದ ಬಳಿಕ ಹಗಲಿನ ಕೆಮ್ಮಿನ ಸರಣಿಗಳು ಸುಮಾರು ಶೇ. 69ರಷ್ಟು ಇಳಿದಿದ್ದವು, ಔಷಧಿಯಿಲ್ಲದ ಸಿರಪ್ ತೆಗೆದುಕೊಂಡವರಲ್ಲಿ ಇಳಿಕೆ ಶೇ. 48ರಷ್ಟಿತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು. ಔಷಧಿಯಿಲ್ಲದೆಯೂ ಕೆಮ್ಮು ಅರ್ಧದಷ್ಟು ಇಳಿಯುತ್ತದೆ. ಥೈಮಿನ ಸಿರಪ್ ಅದಕ್ಕೆ ಒಂದಿಷ್ಟು ವೇಗವನ್ನು ಕೊಡುತ್ತದೆ. ಅಲ್ಲಿ ಬಳಸಿದ್ದು ಅಳತೆಗೆ ಸಿದ್ಧಪಡಿಸಿದ ಮಿಶ್ರಣವೇ ಹೊರತು ಮನೆಯ ಕಷಾಯವಲ್ಲ ಎಂಬುದನ್ನೂ ಮರೆಯಬಾರದು.

ಕಷಾಯಕ್ಕೆ ಒಂದರಿಂದ ಎರಡು ಗ್ರಾಂ, ಅಂದರೆ ಒಂದರಿಂದ ಎರಡು ಟೀ ಚಮಚ ಒಣ ಎಲೆಯನ್ನು ಲೋಟದಲ್ಲಿ ಹಾಕಿ, ಅದರ ಮೇಲೆ 150 ಮಿಲಿಲೀಟರ್ ಕುದಿಯುವ ನೀರನ್ನು ಸುರಿದು, ತಕ್ಷಣ ತಟ್ಟೆ ಮುಚ್ಚಬೇಕು. ಎಲೆಯನ್ನು ನೀರಿನಲ್ಲಿ ಹಾಕಿ ಒಲೆಯ ಮೇಲೆ ಕುದಿಸುವುದು ಬೇಡ. ಕುದಿಸಿದಷ್ಟೂ ಹಬೆಯೊಂದಿಗೆ ಎಣ್ಣೆ ಹಾರಿಹೋಗಿ, ಲೋಟದಲ್ಲಿ ಕಹಿ ಮತ್ತು ಒಗರು ಮಾತ್ರ ಉಳಿಯುತ್ತವೆ. ಹತ್ತು ನಿಮಿಷದ ಬಳಿಕ ತಟ್ಟೆಯನ್ನು ತೆಗೆದು, ಅದರ ಒಳಬದಿಯಲ್ಲಿ ಕಟ್ಟಿಕೊಂಡಿರುವ ಹನಿಗಳನ್ನು ಲೋಟಕ್ಕೇ ಜಾರಿಸಬೇಕು. ಥೈಮಾಲ್ ಹೆಚ್ಚಾಗಿರುವುದು ಆ ಹನಿಗಳಲ್ಲಿ. ಆಮೇಲೆ ಸೋಸಿ, ಬಿಸಿಯಿರುವಾಗಲೇ ನಿಧಾನವಾಗಿ ಕುಡಿಯಬೇಕು. ದೊಡ್ಡವರು ದಿನಕ್ಕೆ ಮೂರು ನಾಲ್ಕು ಸಲ ತೆಗೆದುಕೊಳ್ಳಬಹುದು.

ಕಹಿ ಸೇರದವರಿಗೆ ಜೇನಿನ ಪಾಕ ಮಾಡಿಕೊಳ್ಳುವುದು ಸುಲಭ. ನಾಲ್ಕು ದೊಡ್ಡ ಚಮಚ ಒಣ ಎಲೆಗೆ 250 ಮಿಲಿಲೀಟರ್ ಕುದಿಯುವ ನೀರು ಹಾಕಿ, ಇಪ್ಪತ್ತು ನಿಮಿಷ ಮುಚ್ಚಿಟ್ಟು, ಎಲೆಯನ್ನು ಚೆನ್ನಾಗಿ ಹಿಂಡಿ ಸೋಸಬೇಕು. ಅದು ಉಗುರುಬೆಚ್ಚಗಾದಾಗ ಅಷ್ಟೇ ಪ್ರಮಾಣದ ಜೇನುತುಪ್ಪವನ್ನು ಬೆರೆಸಿ, ಶುಚಿಯಾದ ಸೀಸೆಯಲ್ಲಿ ಫ್ರಿಜ್ಜಿನಲ್ಲಿಟ್ಟು, ಒಂದು ವಾರದೊಳಗೆ ಮುಗಿಸಬೇಕು. ದೊಡ್ಡವರಿಗೆ ಒಂದೊಂದು ಸಲಕ್ಕೆ ಒಂದೆರಡು ಟೀ ಚಮಚ ಸಾಕು. ಒಂದು ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬಾರದು. ಚಿಕ್ಕ ಮಕ್ಕಳ ಕೆಮ್ಮಿಗೆ ವೈದ್ಯರನ್ನು ಕೇಳದೆ ಮನೆಮದ್ದು ಬೇಡ.

ಗಂಟಲು ಕೆರೆತಕ್ಕೆ ಮುಕ್ಕಳಿಸುವ ನೀರು ಇದಕ್ಕಿಂತ ಗಾಢವಾಗಿರಬಹುದು, ಏಕೆಂದರೆ ಅದನ್ನು ನುಂಗುವುದಿಲ್ಲ. ನೂರು ಮಿಲಿಲೀಟರ್ ಕುದಿಯುವ ನೀರಿಗೆ ಐದು ಗ್ರಾಂ ಒಣ ಎಲೆಯನ್ನು ಹಾಕಿ, ಮುಚ್ಚಿಟ್ಟು, ಸೋಸಿ, ಉಗುರುಬೆಚ್ಚಗಿರುವಾಗ ಗಂಟಲಿನವರೆಗೆ ತಂದು ಮುಕ್ಕಳಿಸಿ ಉಗುಳಬೇಕು. ಬಾಯಿಯ ದುರ್ವಾಸನೆಗೂ ಇದು ಒಳ್ಳೆಯದು. ಲಿಸ್ಟರಿನ್ ಎಂಬ ಪ್ರಸಿದ್ಧ ಮೌತ್‌ವಾಶ್‌ನಲ್ಲಿ ಶೇ. 0.064ರಷ್ಟು ಥೈಮಾಲ್, ಮೆಂಥಾಲ್ ಮತ್ತಿತರ ತೈಲಾಂಶಗಳ ಜೊತೆಗೆ ಇರುತ್ತದೆ; ಸೂಕ್ಷ್ಮಜೀವಿಗಳ ಮೇಲೆ ಥೈಮಾಲ್ ಕೆಲಸ ಮಾಡಲು ಎಷ್ಟು ಅಲ್ಪ ಪ್ರಮಾಣ ಸಾಕೆಂಬುದನ್ನು ಇದು ತೋರಿಸುತ್ತದೆ.

ಕಟ್ಟಿದ ಮೂಗಿಗೆ ಹಬೆ ತೆಗೆದುಕೊಳ್ಳುವವರು ಬಿಸಿನೀರಿಗೆ ಒಂದು ಹಿಡಿ ಎಲೆ ಹಾಕಿಕೊಳ್ಳಬಹುದು. ಪಾತ್ರೆ ಮೇಜಿನ ಮೇಲೆ ಭದ್ರವಾಗಿರಲಿ, ಮಕ್ಕಳು ಹತ್ತಿರ ಸುಳಿಯದಿರಲಿ; ಹಬೆಯ ಪಾತ್ರೆ ಮಗುಚಿ ಆಗುವ ಸುಟ್ಟ ಗಾಯ ನೆಗಡಿಗಿಂತ ಎಷ್ಟೋ ಪಟ್ಟು ದೊಡ್ಡ ಸಂಕಟ.

ಒಂದು ವಾರ ಕಳೆದರೂ ಕೆಮ್ಮು ಇಳಿಯದಿದ್ದರೆ, ಅಥವಾ ಉಸಿರಾಟ ಕಷ್ಟವಾದರೆ, ಜ್ವರ ಬಂದರೆ, ಕಫದಲ್ಲಿ ರಕ್ತ ಇಲ್ಲವೇ ಕೀವು ಕಂಡರೆ ಕಷಾಯವನ್ನು ಬಿಟ್ಟು ವೈದ್ಯರ ಬಳಿ ಹೋಗಬೇಕು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಅಡುಗೆಯಲ್ಲಿ ಥೈಮ್ ತಿನ್ನುವುದಕ್ಕೆ ಅಡ್ಡಿಯಿಲ್ಲ, ಆದರೆ ಔಷಧಿಯ ಪ್ರಮಾಣದಲ್ಲಿ ಕಷಾಯ ಬೇಡ. ಪುದೀನ, ತುಳಸಿ, ಆರಿಗಾನೊಗಳಿಗೆ ಅಲರ್ಜಿಯಿರುವವರಿಗೆ ಥೈಮ್ ಕೂಡ ಒಗ್ಗದಿರಬಹುದು. ಒಣ ಎಲೆಯಲ್ಲಿ ಕೆ ವಿಟಮಿನ್ ಗಣನೀಯವಾಗಿದ್ದು, ಒಂದು ಟೀ ಚಮಚದಲ್ಲಿ ಸುಮಾರು 17 ಮೈಕ್ರೋಗ್ರಾಂ ಇರುತ್ತದೆ. ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ ನುಂಗುವವರು ಅದರ ಬಳಕೆಯನ್ನು ದಿಢೀರನೆ ಹೆಚ್ಚಿಸಬಾರದು.

ಸೀಸೆಯಲ್ಲಿ ಸಿಗುವ ತೈಲ ಎಲೆಯಲ್ಲ

ಈ ವಿಷಯವನ್ನು ಬೇರೆಯಾಗಿ ಹೇಳಲೇಬೇಕು. ಎಸೆನ್ಷಿಯಲ್ ಆಯಿಲ್ ಎಂಬ ಹೆಸರಿನಲ್ಲಿ ಮಾರುವ ಥೈಮ್ ತೈಲ, ಎಲೆಯಲ್ಲಿ ಶೇ. 1ರಿಂದ 2.5ರಷ್ಟಿದ್ದುದನ್ನು ಭಟ್ಟಿಯಿಳಿಸಿ ಒಂದೆಡೆ ಸೇರಿಸಿದ ಸಾಂದ್ರ ವಸ್ತು. ಕಷಾಯಕ್ಕೆ ಎಲೆಯ ಬದಲು ಅದರ ಹನಿಗಳನ್ನು ಹಾಕಿ ಕುಡಿಯಬಾರದು. ನೀರಿನಲ್ಲಿ ಕರಗದ ಆ ಹನಿಗಳು ಮೇಲೆ ತೇಲಿ, ಬಾಯಿ ಮತ್ತು ಅನ್ನನಾಳದ ಒಳಪದರವನ್ನು ಸುಡುತ್ತವೆ. ಸ್ನಾನದ ನೀರಿಗೂ ಹಾಗೆಯೇ ಹಾಕಬಾರದು.

ಚರ್ಮಕ್ಕೆ ಸವರುವುದಾದರೆ ಬಾದಾಮಿ, ಎಳ್ಳು ಅಥವಾ ತೆಂಗಿನ ಎಣ್ಣೆಯಂಥ ಯಾವುದಾದರೂ ಎಣ್ಣೆಯ 10 ಮಿಲಿಲೀಟರಿಗೆ ಎರಡು ಹನಿಗಿಂತ ಹೆಚ್ಚಾಗಬಾರದು. ಮೊದಲು ಮುಂಗೈಯ ಒಳಬದಿಯಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು. ಕಣ್ಣು, ಮೂಗು, ತೆರೆದ ಗಾಯಗಳಿಂದ ದೂರವಿಡಬೇಕು, ಮಕ್ಕಳಿಗೆ ಹಚ್ಚಲೇಬಾರದು. ಬೆಕ್ಕುಗಳ ಯಕೃತ್ತಿಗೆ ಥೈಮಾಲಿನಂಥ ಫೀನಾಲ್ ಗುಂಪಿನ ರಾಸಾಯನಿಕಗಳನ್ನು ವಿಲೇವಾರಿ ಮಾಡುವ ಸಾಮರ್ಥ್ಯ ಬಹಳ ಕಡಿಮೆಯಿರುವುದರಿಂದ, ಬೆಕ್ಕಿರುವ ಮನೆಯಲ್ಲಿ ಈ ತೈಲವನ್ನು ಗಾಳಿಗೆ ಹರಡುವ ಉಪಕರಣವನ್ನು ಬಳಸದಿರುವುದೇ ಲೇಸು.

ಕೂದಲಿಗೆ ಥೈಮ್ ತೈಲ ಒಳ್ಳೆಯದೆಂಬ ಮಾತಿಗೆ ಆಧಾರವಾಗಿ 1998ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಪ್ರಯೋಗವೊಂದನ್ನು ತೋರಿಸುವುದುಂಟು. ತಲೆಯಲ್ಲಿ ಬಿಲ್ಲೆಬಿಲ್ಲೆಯಾಗಿ ಕೂದಲು ಉದುರುವ ತೊಂದರೆಯಿದ್ದ 86 ಮಂದಿಯನ್ನು ಎರಡು ಗುಂಪು ಮಾಡಿ ಏಳು ತಿಂಗಳು ನಡೆಸಿದ ಆ ಪ್ರಯೋಗದಲ್ಲಿ, ಸುಗಂಧ ತೈಲಗಳನ್ನು ತಿಕ್ಕಿಕೊಂಡವರಲ್ಲಿ ಶೇ. 44, ಬರಿಯ ಎಣ್ಣೆ ತಿಕ್ಕಿಕೊಂಡವರಲ್ಲಿ ಶೇ. 15 ಮಂದಿಗೆ ಸುಧಾರಣೆ ಕಂಡಿತ್ತು. ಆದರೆ ಅಲ್ಲಿ ಥೈಮ್ ಜೊತೆಗೆ ರೋಸ್‌ಮರಿ, ಲ್ಯಾವೆಂಡರ್ ಮತ್ತು ಸೀಡರ್ ತೈಲಗಳೂ ಇದ್ದವು. ಫಲವನ್ನು ಥೈಮೊಂದರ ಲೆಕ್ಕಕ್ಕೆ ಬರೆಯಲಾಗದು. ಸಾಮಾನ್ಯವಾದ ಕೂದಲುದುರುವಿಕೆಯೂ ಆ ರೋಗವೂ ಒಂದೇ ಅಲ್ಲ.

ಮನೆಯ ಶುಚಿತ್ವಕ್ಕೆ

ಗಾಜಿನ ಜಾಡಿಯಲ್ಲಿ ಒಂದು ಹಿಡಿ ಕಡ್ಡಿಗಳನ್ನು ಹಾಕಿ, ಮುಳುಗುವಷ್ಟು ಬಿಳಿ ವಿನೆಗರ್ ತುಂಬಿ, ಎರಡು ಮೂರು ವಾರ ಕತ್ತಲೆಯಲ್ಲಿಟ್ಟು ಸೋಸಿದರೆ ಒಳ್ಳೆಯ ಶುಚಿಗೊಳಿಸುವ ದ್ರವ ಸಿಗುತ್ತದೆ. ಅದಕ್ಕೆ ಸಮಪ್ರಮಾಣದ ನೀರು ಬೆರೆಸಿ ಸಿಂಕ್, ಗಾಜು, ನಲ್ಲಿಗಳ ಮೇಲಿನ ಕಲೆ ಒರೆಸಲು ಬಳಸಬಹುದು. ಅಮೃತಶಿಲೆ ಮತ್ತು ಸುಣ್ಣದ ಕಲ್ಲಿನ ಮೇಲೆ ಇದನ್ನು ಬಳಸಬಾರದು, ಆಮ್ಲ ಅದರ ಹೊಳಪನ್ನು ತಿಂದುಹಾಕುತ್ತದೆ. ಬ್ಲೀಚ್‌ನೊಂದಿಗೆ ಎಂದಿಗೂ ಬೆರೆಸಬಾರದು. ಬೆರೆತರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಥೈಮಾಲ್ ಆಧಾರಿತ ಸೋಂಕುನಿವಾರಕಗಳು ಮಾರುಕಟ್ಟೆಯಲ್ಲಿರುವುದು ನಿಜ, ಆದರೆ ಅವುಗಳ ಸಾಂದ್ರತೆಯನ್ನು ಅಳೆದು ಪರೀಕ್ಷಿಸಲಾಗಿರುತ್ತದೆ. ಮನೆಯಲ್ಲಿ ಮಾಡಿದ ದ್ರವ ಕೊಳೆ ತೆಗೆಯುತ್ತದೆ, ಪರಿಮಳ ಬಿಡುತ್ತದೆ. ಕಾಯಿಲೆ ಬಿದ್ದವರ ಕೋಣೆಯನ್ನು ಸೋಂಕುಮುಕ್ತ ಮಾಡಲು ಅದನ್ನು ನೆಚ್ಚಿಕೊಳ್ಳಬಾರದು.

ಎಲೆ ಬಿಡಿಸಿದ ಮೇಲೆ ಉಳಿಯುವ ಒಣ ಕಡ್ಡಿಗಳನ್ನು ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ ಬಟ್ಟೆಯ ಕಪಾಟಿನಲ್ಲಿ ಇಡಬಹುದು. ಪರಿಮಳ ಕಡಿಮೆಯಾದಾಗ ಚೀಲವನ್ನು ಹಿಸುಕಿದರೆ ಮತ್ತೆ ಏಳುತ್ತದೆ.

ಬೆಳೆಸುವುದು

ಥೈಮ್ ಗಿಡವನ್ನು ಕೊಲ್ಲುವುದು ಸಾಮಾನ್ಯವಾಗಿ ಹೆಚ್ಚಿನ ಆರೈಕೆಯೇ. ಕಲ್ಲುಗುಡ್ಡದಲ್ಲಿ ಹುಟ್ಟಿದ ಗಿಡಕ್ಕೆ ದಿನವೂ ನೀರು, ಕೊಬ್ಬಿದ ಗೊಬ್ಬರ, ನೆರಳು ಯಾವುದೂ ಬೇಡ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಮತ್ತು ನೀರು ನಿಲ್ಲದೆ ಬಸಿದುಹೋಗುವ ಮಣ್ಣು ಇದ್ದರೆ ಅದು ತನ್ನಷ್ಟಕ್ಕೆ ಬೆಳೆಯುತ್ತದೆ. ಕುಂಡದಲ್ಲಿ ನೆಡುವವರು ತೋಟದ ಮಣ್ಣಿನೊಂದಿಗೆ ದಪ್ಪ ಮರಳು ಅಥವಾ ಸಣ್ಣ ಜಲ್ಲಿಯನ್ನು ಮೂರನೇ ಒಂದು ಭಾಗದಷ್ಟು ಬೆರೆಸಿ, ತಳದ ರಂಧ್ರ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ನೀರನ್ನು ಹೀರಿ ಹೊರಬಿಡುವ ಮಣ್ಣಿನ ಕುಂಡ ಪ್ಲಾಸ್ಟಿಕ್ ಕುಂಡಕ್ಕಿಂತ ಇದಕ್ಕೆ ಹೆಚ್ಚು ಹಿತ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಪೂರ್ತಿ ಒಣಗಿದ್ದಾಗ ಮಾತ್ರ ತೋಯುವಂತೆ ನೀರು ಹಾಕಬೇಕು. ಗೊಬ್ಬರ ಹೆಚ್ಚಾದರೆ ಗಿಡ ಸೊಂಪಾಗಿ ಕಾಣುತ್ತದೆ, ಆದರೆ ಎಲೆಯಲ್ಲಿ ಪರಿಮಳ ಇರುವುದಿಲ್ಲ.

ಬೀಜ ಬಹಳ ಸಣ್ಣದು. ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು, ಮುಚ್ಚಬೇಕಿಲ್ಲ. ಮೊಳಕೆಗೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಮತ್ತು ಬೀಜದಿಂದ ಬಂದ ಗಿಡಗಳ ಪರಿಮಳ ಒಂದೇ ಬಗೆಯಾಗಿರುವುದಿಲ್ಲ. ಹಾಗಾಗಿ ಒಳ್ಳೆಯ ಘಾಟಿರುವ ಗಿಡವನ್ನು ಗುರುತಿಸಿ, ಹೂ ಬಿಡದ ಎಳೆಯ ಕಡ್ಡಿಯನ್ನು ಎಂಟರಿಂದ ಹತ್ತು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಕೆಳಗಿನ ಅರ್ಧದ ಎಲೆ ತೆಗೆದು ತೇವದ ಮರಳಿನಲ್ಲಿ ನೆಡುವುದು ಉತ್ತಮ ಮಾರ್ಗ. ಕೆಲವು ವಾರಗಳಲ್ಲಿ ಅದು ಬೇರು ಬಿಡುತ್ತದೆ. ಅದಕ್ಕಿಂತಲೂ ಸುಲಭವೆಂದರೆ ಉದ್ದನೆಯ ಕೊಂಬೆಯನ್ನು ಬಾಗಿಸಿ ನೆಲಕ್ಕೆ ತಾಗಿಸಿ, ಅದರ ಮೇಲೊಂದು ಕಲ್ಲಿಟ್ಟು, ಬೇರು ಬಿಟ್ಟ ಮೇಲೆ ತಾಯಿಗಿಡದಿಂದ ಕತ್ತರಿಸಿ ಬೇರ್ಪಡಿಸುವುದು.

ಮೊದಲ ವರ್ಷ ಅಗತ್ಯವಿದ್ದಷ್ಟನ್ನು ಮಾತ್ರ ಕೀಳಬೇಕು. ಆಮೇಲೆ ಪ್ರತಿ ಸಲ ಹೂ ಮುಗಿದ ಬಳಿಕ ಗಿಡದ ಮೂರನೇ ಒಂದು ಭಾಗವನ್ನು ಸವರಿದರೆ ಅದು ದಟ್ಟವಾಗಿ ಚಿಗುರುತ್ತದೆ. ಕತ್ತರಿ ಯಾವಾಗಲೂ ಹಸಿರು ಎಲೆಯಿರುವ ಭಾಗದಲ್ಲೇ ಓಡಬೇಕು. ಎಲೆಯಿಲ್ಲದೆ ಕಟ್ಟಿಗೆಯಾದ ಭಾಗಕ್ಕೆ ಇಳಿದರೆ ಅಲ್ಲಿಂದ ಮತ್ತೆ ಚಿಗುರೊಡೆಯುವುದು ಅಪರೂಪ. ಸವರುವ ಮೊದಲು ಕೆಲವು ಕಡ್ಡಿಗಳನ್ನಾದರೂ ಹೂ ಬಿಡಲು ಬಿಡಿ ಎಂದು ಕೇಳಿಕೊಳ್ಳುತ್ತೇನೆ: ಆ ಪುಟ್ಟ ನಸುಗುಲಾಬಿ ಹೂಗಳಿಗೆ ಜೇನುನೊಣಗಳು ಮುತ್ತುತ್ತವೆ, ಮತ್ತು ಗ್ರೀಸಿನ ಹಿಮೆಟಸ್ ಬೆಟ್ಟದ ಜೇನಿಗೆ ಪ್ರಾಚೀನ ಕಾಲದಿಂದ ಇರುವ ಹೆಸರಿಗೆ ಕಾಡು ಥೈಮಿನ ಹೂವೇ ಕಾರಣ. ಜೇನುಗೂಡುಗಳನ್ನು ಕಾಡುವ ವರೋವಾ ಎಂಬ ನುಸಿಯನ್ನು ಹತೋಟಿಗೆ ತರಲು ಜೇನು ಸಾಕುವವರು ಬಳಸುವುದೂ ಥೈಮಾಲನ್ನೇ.

ಮೂರು ನಾಲ್ಕು ವರ್ಷಗಳಾದ ಮೇಲೆ ಗಿಡದ ನಡುಭಾಗ ಬೋಳಾಗಿ, ಕೊಂಬೆಗಳು ಕಟ್ಟಿಗೆಯಾಗಿ, ಎಲೆ ತುದಿಗಳಲ್ಲಿ ಮಾತ್ರ ಉಳಿಯುತ್ತದೆ. ಅದನ್ನು ಉಳಿಸಿಕೊಳ್ಳಲು ಹೆಣಗುವ ಬದಲು, ಎರಡನೆಯ ವರ್ಷದಿಂದಲೇ ವರ್ಷಕ್ಕೊಂದು ಕಡ್ಡಿಯನ್ನು ಬೇರೆ ಕುಂಡದಲ್ಲಿ ನೆಟ್ಟುಕೊಂಡು ಬಂದರೆ, ಹಳೆಯ ಗಿಡವನ್ನು ತೆಗೆಯುವ ಹೊತ್ತಿಗೆ ಅದೇ ಪರಿಮಳದ ಹೊಸ ಗಿಡ ಕೊಯ್ಲಿಗೆ ಸಿದ್ಧವಾಗಿರುತ್ತದೆ.